ರಾಟ್‌ವೈಲರ್ ಇದ್ದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗುತ್ತದಾ?

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ಬೆಂಗಳೂರಿಗೆ ಕೆಲಸ ಬದಲಾಯಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರ ಮನೆಯಲ್ಲಿ ರಾಟ್‌ವೈಲರ್, ಕೆಲವರಲ್ಲಿ ಪಿಟ್‌ಬುಲ್, ಇತ್ತೀಚೆಗೆ ಕೇನ್ ಕೋರ್ಸೊ. ಊರಿನಲ್ಲಿ ಸ್ವಂತ ಮನೆ, ಕಾಂಪೌಂಡು, ಯಾರದ್ದೂ ತಕರಾರಿಲ್ಲ. ಬೆಂಗಳೂರಿನ ಬ್ರೋಕರ್‌ಗೆ ಫೋನ್ ಮಾಡಿ ತಳಿಯ ಹೆಸರು ಹೇಳಿದ ಕೂಡಲೇ ಆ ಕಡೆ ಲೈನು ತಣ್ಣಗಾಗುತ್ತದೆ.

ಮನೆ ಸಿಗುತ್ತದೆ. ಲ್ಯಾಬ್ರಡಾರ್ ಇದ್ದವರಿಗೆ ಸಿಕ್ಕಷ್ಟು ಬೇಗ ಸಿಗುವುದಿಲ್ಲ, ಬೇಕಾದ ಏರಿಯಾದಲ್ಲೇ ಸಿಗುವ ಖಾತ್ರಿಯೂ ಇಲ್ಲ. ಈ ಹುಡುಕಾಟದಲ್ಲಿ ಕಾನೂನು ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಓನರ್ ಮನಸ್ಸಿನ ಭಯ, ಪಕ್ಕದ ಮನೆಯವರ ಮಾತು. ಹಾಗಾಗಿ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಆ ಭಯಕ್ಕೆ ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುವ ಬಗ್ಗೆಯೇ ಇವೆ. ಕನಿಷ್ಠ ಎರಡು ತಿಂಗಳು ಮೊದಲು ಶುರು ಮಾಡಿ.

1. ನಿಮ್ಮ ತಳಿ ಕಾನೂನಿನ ಲೆಕ್ಕದಲ್ಲಿ ಎಲ್ಲಿದೆ ಎಂದು ತಿಳಿದುಕೊಳ್ಳಿ

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಮನುಷ್ಯರಿಗೆ ಅಪಾಯಕಾರಿ ಎಂದು 23 ತಳಿಗಳ ಪಟ್ಟಿ ಕೊಟ್ಟು, ಅವುಗಳ ಮಾರಾಟ, ಸಂತಾನಾಭಿವೃದ್ಧಿಗೆ ಪರವಾನಗಿ ಕೊಡಬೇಡಿ, ಈಗಾಗಲೇ ಸಾಕಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಿ ಎಂದಿತು. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕೋರ್ಸೊ, ಡೋಗೊ ಅರ್ಜೆಂಟೀನೊ, ಅಕಿತ, ಕಕೇಶಿಯನ್ ಶೆಫರ್ಡ್, ಬೋರ್‌ಬುಲ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಹೈಕೋರ್ಟ್ ಮೊದಲು ಸುತ್ತೋಲೆಗೆ ತಡೆ ನೀಡಿ, ಆಮೇಲೆ 2024ರ ಏಪ್ರಿಲ್ 10ರಂದು ಅದನ್ನು ರದ್ದೇ ಮಾಡಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಇಂಥ ನಿಷೇಧ ಹೇರುವ ಹಾಗಿಲ್ಲ ಎಂಬುದು ತೀರ್ಪಿನ ಮುಖ್ಯ ಅಂಶ.

ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ನಿಷೇಧದ ಸುದ್ದಿ. ರದ್ದಾದದ್ದು ಒಳಪುಟಕ್ಕೆ ಹೋಯಿತು. ಆದ್ದರಿಂದ 'ಅದು ಬ್ಯಾನ್ ಆಗಿರೋ ನಾಯಿ ಅಲ್ವಾ?' ಎಂದು ಕೇಳುವ ಓನರ್‌ಗಳು ಇಂದಿಗೂ ಸಿಗುತ್ತಾರೆ. ತೀರ್ಪಿನ ಸುದ್ದಿಯ ಒಂದು ಪ್ರಿಂಟ್ ಫೈಲಿನಲ್ಲಿರಲಿ. ಅವರು ಕೇಳಿದರೆ ಮಾತ್ರ ತೆಗೆಯಿರಿ. ಕೇಳದವರ ಮುಂದೆ ಕೋರ್ಟಿನ ಮಾತೆತ್ತಿದರೆ 'ಇವರು ನಾಳೆ ನಮ್ಮ ಮೇಲೂ ಕೇಸ್ ಹಾಕುತ್ತಾರೆ' ಎಂದುಕೊಳ್ಳುತ್ತಾರೆ.

ನಿಮ್ಮ ಹೊಣೆಯೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ಉಡಾಫೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದಕ್ಕೆ ತಳಿಭೇದವಿಲ್ಲ, ಪಮೇರಿಯನ್ ಸಾಕಿದವರಿಗೂ ಅನ್ವಯ.

2. ನಾಯಿಯ ಫೈಲು ಮಾಡಿ

ಒಂದು ಪ್ಲಾಸ್ಟಿಕ್ ಫೋಲ್ಡರ್, ಜೊತೆಗೆ ಅದರದ್ದೇ ಪಿಡಿಎಫ್ ಪ್ರತಿ. ಒಳಗೆ ಇರಬೇಕಾದದ್ದು:

- ಲಸಿಕೆ ಪುಸ್ತಕ. ರೇಬೀಸ್ ಲಸಿಕೆಯ ದಿನಾಂಕ ದಾಟಿರಬಾರದು. ಓನರ್ ತೆರೆದು ನೋಡುವ ಪುಟ ಅದೊಂದೇ.
- ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರ ಪತ್ರ. ಆಗಿರದಿದ್ದರೆ ಹೊರಡುವ ಮುಂಚೆ ನಿಮ್ಮ ಪಶುವೈದ್ಯರ ಜೊತೆ ಮಾತಾಡಿ. ಶಸ್ತ್ರಚಿಕಿತ್ಸೆಯಿಂದ ಸ್ವಭಾವ ಬದಲಾಗುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು, ಆದರೆ 'ಆಪರೇಷನ್ ಆಗಿದೆ' ಎಂಬ ಮಾತು ಓನರ್ ಕಿವಿಗೆ ಹಿತ.
- ಸ್ಥಳೀಯ ಸಂಸ್ಥೆಯ ಪರವಾನಗಿ. ಬೆಂಗಳೂರಿಗೆ ಬಂದ ಮೇಲೆ ಹೊಸ ವಿಳಾಸಕ್ಕೆ ಮತ್ತೆ ಮಾಡಿಸಬೇಕು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ನಿಮ್ಮ ಮನೆ ಯಾವುದಕ್ಕೆ ಸೇರಿದೆ ಎಂದು ಕೇಳಿಕೊಳ್ಳಿ.
- ಮೈಕ್ರೋಚಿಪ್ ನಂಬರು ಇದ್ದರೆ ಅದು. ಅಕ್ಕಿ ಕಾಳಿನಷ್ಟು ದೊಡ್ಡ ಚಿಪ್ಪನ್ನು ನಾಯಿಯ ಹೆಗಲ ಬಳಿ ಚರ್ಮದಡಿ ಸೇರಿಸಿರುತ್ತಾರೆ, ಸ್ಕ್ಯಾನರ್ ಹಿಡಿದರೆ ನಂಬರು ಬರುತ್ತದೆ.
- ಈಗಿನ ಪಕ್ಕದ ಮನೆಯವರಿಂದ ನಾಲ್ಕು ಸಾಲಿನ ಪತ್ರ, ಫೋನ್ ನಂಬರಿನ ಸಮೇತ. ಈಗಲೂ ಬಾಡಿಗೆ ಮನೆಯಲ್ಲಿದ್ದರೆ ಆ ಓನರ್ ಪತ್ರ. ನನ್ನ ಕೇಳಿದರೆ ಇಡೀ ಫೈಲಿನಲ್ಲಿ ಇದಕ್ಕಿರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಓನರ್ ನಂಬುವುದು ಇನ್ನೊಬ್ಬ ಓನರನ್ನು.
- ಎರಡು ವಿಡಿಯೋ, ಒಂದೊಂದೂ ಅರ್ಧ ನಿಮಿಷ. ಒಂದರಲ್ಲಿ ಬೀದಿಯಲ್ಲಿ ಸಡಿಲ ಬೆಲ್ಟಿನಲ್ಲಿ ನಡೆಯುತ್ತಿರಬೇಕು, ಇನ್ನೊಂದರಲ್ಲಿ ಮನೆಗೆ ಯಾರೋ ಬಂದಾಗ ಹೇಳಿದ ಜಾಗದಲ್ಲಿ ಕೂತಿರಬೇಕು. ಟೈರ್ ಕಚ್ಚಿ ಎಳೆದಾಡುವ ವಿಡಿಯೋ ನಿಮಗೆ ಹೆಮ್ಮೆ, ಅವರಿಗೆ ದುಃಸ್ವಪ್ನ. ವಾಟ್ಸಾಪ್ ಡಿಪಿಯಲ್ಲಿ ಹಲ್ಲು ಕಿರಿದ ಫೋಟೋ ಇದ್ದರೆ ಅದನ್ನೂ ಬದಲಿಸಿ.

ಕೆಲವು ವಿಮಾ ಕಂಪನಿಗಳ ನಾಯಿ ವಿಮೆಯಲ್ಲಿ, ನಾಯಿ ಮೂರನೆಯವರಿಗೆ ಮಾಡಿದ ಗಾಯ ಅಥವಾ ನಷ್ಟಕ್ಕೂ ರಕ್ಷಣೆ ಸೇರಿಸಿಕೊಳ್ಳಬಹುದು. ನಿಮ್ಮ ತಳಿಯನ್ನು, ನಾಯಿಯ ವಯಸ್ಸನ್ನು ಒಪ್ಪುತ್ತಾರೋ ಎಂದು ಪಾಲಿಸಿಯ ಒಳಗಿನ ಷರತ್ತು ಓದಿಯೇ ದುಡ್ಡು ಕಟ್ಟಿ.

ಕಚ್ಚದಂತೆ ಬಾಯಿಗೆ ಹಾಕುವ ಬುಟ್ಟಿಯಂಥ ಮೂತಿಕುಕ್ಕೆಗೆ (ಮಝಲ್) ಈಗಿನಿಂದಲೇ ಅಭ್ಯಾಸ ಮಾಡಿಸಿ, ದಿನಾ ಐದೈದು ನಿಮಿಷ, ಒಳಗೆ ತಿಂಡಿ ಹಾಕಿ. ಬಟ್ಟೆಯ ಪಟ್ಟಿ ಬೇಡ, ಅದರಲ್ಲಿ ನಾಯಿಗೆ ಬಾಯಿ ತೆರೆದು ಏದುಸಿರು ಬಿಡಲು ಆಗುವುದಿಲ್ಲ.

3. ಏರಿಯಾಕ್ಕಿಂತ ಮೊದಲು ಮನೆಯ ನಮೂನೆ ನಿರ್ಧರಿಸಿ

ಎಲ್ಲರೂ ಆಫೀಸಿನ ಸುತ್ತ ಐದು ಕಿಲೋಮೀಟರ್ ವೃತ್ತ ಎಳೆದುಕೊಂಡು ಹುಡುಕಲು ಕೂರುತ್ತಾರೆ. ನಿಮ್ಮ ವಿಷಯದಲ್ಲಿ ಗೇಟು, ಮೆಟ್ಟಿಲು, ಲಿಫ್ಟು ಮೊದಲು. ಆಫೀಸು ಆಮೇಲೆ.

ಎಲ್ಲಕ್ಕಿಂತ ಅನುಕೂಲ ಸ್ವಂತ ಗೇಟಿರುವ ಗ್ರೌಂಡ್ ಫ್ಲೋರ್ ಅಥವಾ ಬಿಡಿ ಮನೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಕಟ್ಟಿದ ಮನೆಗೆ ಸುತ್ತ ಜಾಗವೇ ಇರುವುದಿಲ್ಲ, ಬಾಗಿಲು ತೆರೆದರೆ ರಸ್ತೆ. ಮೂವತ್ತು-ನಲವತ್ತರಲ್ಲಿ ಮುಂದೆ ಕಾರು ನಿಲ್ಲುವಷ್ಟಾದರೂ ಜಾಗ ಸಿಗುತ್ತದೆ. ಆದರೆ ಆ ಜಾಗ ಯಾರದ್ದೆಂದು ಕೇಳಿ. ಮೇಲಿನ ಎರಡು ಮನೆಯವರ ಬೈಕು, ಕರೆಂಟ್ ಮೀಟರ್ ಬೋರ್ಡು, ಸಂಪಿನ ಮುಚ್ಚಳ ಎಲ್ಲ ಅಲ್ಲೇ ಇದ್ದರೆ ಅದು ನಿಮ್ಮ ಅಂಗಳವಲ್ಲ, ದಾರಿ. ಮೀಟರ್ ರೀಡಿಂಗ್‌ಗೆ ಬಂದವರು, ಸಿಲಿಂಡರ್ ತಂದವರು, ಹಾಲು ಹಾಕುವವರು ದಿನಾ ನಿಮ್ಮ ಬಾಗಿಲ ಮುಂದೆಯೇ ಓಡಾಡುತ್ತಾರೆ.

ಓನರ್ ಅದೇ ಕಟ್ಟಡದಲ್ಲಿದ್ದರೆ ಒಪ್ಪಿಸುವುದು ಕಷ್ಟ, ಒಪ್ಪಿದ ಮೇಲೆ ನೆಮ್ಮದಿ. ತಿಂಗಳೊಳಗೆ ನಾಯಿಯ ಹೆಸರು ಹಿಡಿದು ಕೂಗಲು ಶುರು ಮಾಡುತ್ತಾರೆ, ಪಕ್ಕದವರು ದೂರು ತಂದರೆ ಅವರೇ ನಿಮ್ಮ ಪರ ನಿಲ್ಲುತ್ತಾರೆ. ಓನರ್ ಬೇರೆ ಊರಲ್ಲಿ ಅಥವಾ ವಿದೇಶದಲ್ಲಿದ್ದರೆ ಫೋನಿನಲ್ಲಿ ಸಲೀಸಾಗಿ 'ಓಕೆ' ಸಿಗುತ್ತದೆ. ಆಮೇಲೆ ಒಂದು ದೂರು ಹೋದರೆ ಕಣ್ಣಾರೆ ಏನೂ ನೋಡದೆ 'ಖಾಲಿ ಮಾಡಿ' ಎನ್ನುವವರೂ ಅವರೇ.

ನಾಯಿ ಇದೆ ಎಂದ ಕೂಡಲೇ ಬ್ರೋಕರ್‌ಗಳು ತೋರಿಸುವುದು ಮೇಲ್ಮಹಡಿಯ ಪೆಂಟ್‌ಹೌಸ್. 'ಇಡೀ ಟೆರೇಸ್ ನಿಮ್ಮದೇ ಸರ್' ಎನ್ನುತ್ತಾರೆ. ಮೇಲೆ ನೋಡಿ: ಶೀಟಿನ ಚಾವಣಿ ಇದ್ದರೆ ಬೇಡ. ಮಾರ್ಚ್ ಬಂದರೆ ರಾಟ್‌ವೈಲರ್‌ನಂಥ ದಟ್ಟ ಕಪ್ಪು ಕೂದಲಿನ ನಾಯಿಗೆ ಅಲ್ಲಿ ಉಸಿರಾಡುವುದೇ ಕಷ್ಟ. ಕೈಪಿಡಿ ಗೋಡೆ ನಿಮ್ಮ ಸೊಂಟಕ್ಕಿಂತ ಕೆಳಗಿದ್ದರೂ ಬೇಡ. ಜೊತೆಗೆ ನಾಲ್ಕು ಮಹಡಿ ಮೆಟ್ಟಿಲು, ಇಕ್ಕಟ್ಟಾದ ತಿರುವಿನಲ್ಲಿ ಎದುರು ಬರುವ ಮಕ್ಕಳು. ನಾಯಿಗೆ ವಯಸ್ಸಾಗುತ್ತಿದ್ದರೆ ಅದರ ಸೊಂಟದ ಕೀಲಿಗೂ ಆ ಮೆಟ್ಟಿಲು ಆಗದು.

ನೆಲ ನುಣುಪಾದ ವಿಟ್ರಿಫೈಡ್ ಟೈಲ್ಸ್ ಆಗಿದ್ದರೆ ನಾಯಿ ಜಾರುತ್ತದೆ, ರಬ್ಬರ್ ಮ್ಯಾಟಿನ ಖರ್ಚು ಸೇರಿಸಿಕೊಳ್ಳಿ. ಮೊದಲ ಮಹಡಿಯಾದರೆ ಕೆಳಗಿನವರಿಗೆ ರಾತ್ರಿಯೆಲ್ಲ ಉಗುರಿನ ಟಕಟಕ ಕೇಳಿಸುತ್ತದೆ, ಆಗಲೂ ಮ್ಯಾಟೇ ಗತಿ.

ಏರಿಯಾ ವಿಷಯ ನೇರವಾಗಿ ಹೇಳುತ್ತೇನೆ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೆ ಮನೆಗಳಿಗೆ ಕಾಂಪೌಂಡು ಚೆನ್ನಾಗಿರುತ್ತದೆ, ಆದರೆ ಓನರ್ ಮೊದಲು ಕೇಳುವುದೇ 'ವೆಜ್ಜಾ, ನಾನ್‌ವೆಜ್ಜಾ?' ನೀವು ಸಸ್ಯಾಹಾರಿಯಾಗಿದ್ದರೂ ನಿಮ್ಮ ನಾಯಿ ಅಲ್ಲವಲ್ಲ. ದಿನಾ ಕೋಳಿ ಬೇಯಿಸುವವರಾದರೆ ಅದನ್ನೂ ಮೊದಲೇ ಹೇಳಿ. ನಾಯಿಗೆ ಒಪ್ಪಿ, ಕುಕ್ಕರಿನ ವಾಸನೆಗೆ ಜಗಳವಾದ ಮನೆಗಳಿವೆ. ಕಮ್ಮನಹಳ್ಳಿ, ಬಾಣಸವಾಡಿ, ಹೊರಮಾವು, ರಾಮಮೂರ್ತಿನಗರ ಕಡೆ ಈ ಪ್ರಶ್ನೆ ಕಡಿಮೆ. ಯಲಹಂಕ, ವಿದ್ಯಾರಣ್ಯಪುರ, ಕೆಂಗೇರಿ ಆಚೆಯ ಹೊಸ ಲೇಔಟುಗಳಲ್ಲಿ ಜಾಗ ಧಾರಾಳ. ಆದರೆ ಖಾಲಿ ಸೈಟುಗಳಲ್ಲಿ ಬೀದಿನಾಯಿಗಳ ಗುಂಪುಗಳೂ ಇರುತ್ತವೆ. ಮನೆ ನೋಡಲು ಹಗಲು ಒಮ್ಮೆ ಹೋದರೆ ಸಾಲದು, ರಾತ್ರಿ ಒಂಬತ್ತರ ನಂತರವೂ ಆ ರಸ್ತೆಯಲ್ಲಿ ಒಂದು ಸುತ್ತು ಹಾಕಿ.

4. ಮೊದಲ ಫೋನಿನಲ್ಲೇ ತಳಿ ಹೇಳಿ

ಆ್ಯಪ್‌ಗಳಲ್ಲಿ 'ಪೆಟ್ ಫ್ರೆಂಡ್ಲಿ' ಎಂದು ಬರೆದಿರುವವರಲ್ಲಿ ಬಹುಪಾಲು ಮಂದಿಯ ಕಣ್ಣ ಮುಂದಿರುವುದು ಶಿ ತ್ಸು, ಪಗ್ಗು. ಆ ಗುರುತು ನೋಡಿ ನೇರವಾಗಿ ಮನೆ ನೋಡಲು ಓಡಬೇಡಿ. ಫೋನಿನಲ್ಲಿ ಹೀಗೆ ಹೇಳಿ ನೋಡಿ:

'ನಮಸ್ಕಾರ ಸರ್, ಟು ಬಿಎಚ್‌ಕೆ ಖಾಲಿ ಇದೆ ಅಂತ ನೋಡಿದೆ. ನಾವು ಗಂಡ-ಹೆಂಡತಿ ಇಬ್ಬರೇ. ನಮ್ಮ ಜೊತೆ ಒಂದು ರಾಟ್‌ವೈಲರ್ ಇದೆ, ನಾಲ್ಕು ವರ್ಷ, ಆಪರೇಷನ್ ಆಗಿದೆ, ಟ್ರೇನಿಂಗ್ ಆಗಿದೆ. ಈಗಿನ ಓನರ್ ನಂಬರ್ ಕೊಡ್ತೀನಿ, ಬೇಕಾದ್ರೆ ವಿಚಾರಿಸಿ. ನಿಮಗೆ ಅಭ್ಯಂತರ ಇಲ್ಲ ಅಂದ್ರೆ ಬಂದು ನೋಡ್ತೀವಿ.'

ಹತ್ತರಲ್ಲಿ ಎಂಟು ಜನ ಇಲ್ಲ ಎನ್ನಬಹುದು. ಎನ್ನಲಿ, ಪೆಟ್ರೋಲ್ ಉಳಿಯಿತು. 'ನೋಡೋಣ ಬನ್ನಿ' ಎಂದವರೇ ನಿಮಗೆ ಬೇಕಾದವರು.

ತಳಿ ಮುಚ್ಚಿಟ್ಟು 'ಒಂದು ನಾಯಿ ಇದೆ, ಪಾಪದ್ದು' ಎಂದೋ, 'ಮಿಕ್ಸ್ ಬ್ರೀಡ್' ಎಂದೋ ಹೇಳಿ ಒಳಸೇರಿಕೊಳ್ಳುವ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಕೇಳಬೇಡಿ. ಸಾಮಾನು ಇಳಿಸುವ ದಿನ ಓನರ್ ಗೇಟಿನಲ್ಲಿ ನಿಂತಿರುತ್ತಾರೆ. ಅಡ್ವಾನ್ಸ್ ಅವರ ಕೈಯಲ್ಲಿ, ಲಾರಿ ರಸ್ತೆಯಲ್ಲಿ, ನಾಯಿ ನಿಮ್ಮ ಕೈಯಲ್ಲಿ. ಅಲ್ಲಿಂದ ಮುಂದೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ನಾಯಿಗಳನ್ನು ಬಿಟ್ಟುಹೋಗುವ ಕಥೆಗಳಲ್ಲಿ ಎಷ್ಟೋ ಹೀಗೆಯೇ ಶುರುವಾಗುತ್ತವೆ.

ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್. 'ನಾಯಿ ಇರೋದ್ರಿಂದ ಡಬಲ್' ಎಂದರೆ ಬಿಟ್ಟುಬಿಡಿ. 'ಮನೆ ನೋಡೋಕೆ ಗೇಟ್‌ಪಾಸ್ ಚಾರ್ಜ್' ಎಂದು ಕ್ಯೂಆರ್ ಕೋಡ್ ಕಳಿಸುವವನು ಮೋಸಗಾರ, ಮಾತೇ ಬೇಡ. ಆ್ಯಪಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಆ ಏರಿಯಾದ ಪೆಟ್ ಶಾಪು, ಪಶುವೈದ್ಯರು, ಟ್ರೇನರ್‌ಗಳು. ದೊಡ್ಡ ನಾಯಿ ಇರುವ ಬಾಡಿಗೆದಾರರು ಯಾವ ಬೀದಿಯಲ್ಲಿದ್ದಾರೆ, ಯಾರು ಖಾಲಿ ಮಾಡುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ದೊಡ್ಡ ನಾಯಿ ಇದ್ದವರು ಬಿಟ್ಟ ಮನೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

5. ಓನರ್ ಭೇಟಿ

ಮೊದಲ ಸಲ ನಾಯಿ ಇಲ್ಲದೆ ಹೋಗಿ. ಎರಡನೇ ಸಲ, ಅವರು ಒಪ್ಪಿದರೆ, ಕರೆದುಕೊಂಡು ಹೋಗಿ. ಅದಕ್ಕೂ ಮುಂಚೆ ಮುಕ್ಕಾಲು ಗಂಟೆ ನಡೆಸಿ ಸುಸ್ತು ಮಾಡಿರಬೇಕು. ಭೇಟಿ ಬೀದಿಯಲ್ಲಾಗಲಿ, ಅವರ ಹಜಾರದಲ್ಲಿ ಬೇಡ. ಮುಟ್ಟಿ ನೋಡಿ ಎಂದು ಒತ್ತಾಯಿಸಬೇಡಿ. ಹತ್ತು ಹೆಜ್ಜೆ ದೂರದಲ್ಲಿ ಕೂರಿಸಿಕೊಂಡು ನೀವು ಮಾತಾಡುತ್ತಿದ್ದರೆ ಸಾಕು. 'ಏನೂ ಮಾಡಲ್ಲ ಆಂಟಿ' ಎಂಬ ಮಾತನ್ನು ಯಾರೂ ನಂಬುವುದಿಲ್ಲ. 'ಯಾವಾಗಲೂ ಬೆಲ್ಟ್ ಹಾಕೇ ಗೇಟ್ ದಾಟಿಸೋದು, ತುಳಸಿಕಟ್ಟೆ ಹತ್ರ ಬಿಡೋದಿಲ್ಲ, ಕೊಳೆ ನಾವೇ ಎತ್ತುತ್ತೀವಿ' ಎಂದರೆ ನಂಬುತ್ತಾರೆ.

6. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಬೇರೆ ಬಾಗಿಲು

ಫ್ಲ್ಯಾಟ್ ಓನರ್ ಒಪ್ಪಿದ ಮಾತ್ರಕ್ಕೆ ಅಸೋಸಿಯೇಷನ್, ಅಂದರೆ ನಿವಾಸಿಗಳ ಸಂಘ, ಒಪ್ಪಿತು ಎಂದಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಬಹುಮತದ ನಿರ್ಣಯ ಮಾಡಿಕೊಂಡರೂ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಪ್ರಾಣಿ ಸಾಕುವುದನ್ನು ನಿಷೇಧಿಸುವ ಬೈಲಾಗಳು ಅಸಿಂಧು ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ. ಆದರೆ ಒಬ್ಬ ಓನರ್ ತನ್ನ ಮನೆಯನ್ನು ನಿಮಗೇ ಕೊಡಬೇಕು ಎಂದು ಇವು ಎಲ್ಲೂ ಹೇಳುವುದಿಲ್ಲ. ಬಾಡಿಗೆದಾರನ ಮೇಲೆ ಸಂಘ ಒತ್ತಡ ಹಾಕುವುದು ಓನರ್ ಮೂಲಕವೇ. ಹಾಗಾಗಿ ಟೋಕನ್ ಕೊಡುವ ಮೊದಲು ಸಂಘದ ಕಾರ್ಯದರ್ಶಿಗೆ ಓನರ್ ಕಡೆಯಿಂದಲೇ ಒಂದು ಇಮೇಲ್ ಹೋಗಲಿ, ತಳಿಯ ಹೆಸರಿನ ಸಮೇತ. ಉತ್ತರ ಬರುವವರೆಗೆ ಕಾಯಿರಿ.

ಮೂತಿಕುಕ್ಕೆ ಹಾಕಲೇಬೇಕೆಂದು ಸಂಘ ಒತ್ತಾಯಿಸುವಂತಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆದರೂ ಲಿಫ್ಟಿನಲ್ಲಿ ಹಾಕಿ. ನಾಲ್ಕಡಿ ಅಗಲದ ಪೆಟ್ಟಿಗೆಯೊಳಗೆ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬರು ಮೂಲೆಗೆ ಒತ್ತಿಕೊಂಡು ನಿಂತಿರುವಾಗ ಮಾರ್ಗಸೂಚಿಯ ಮಾತು ಯಾವ ಕೆಲಸಕ್ಕೂ ಬಾರದು.

7. ಅಗ್ರಿಮೆಂಟ್ ಮತ್ತು ಅಡ್ವಾನ್ಸ್

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆ ರೂಢಿ, ಈಗ ಐದಾರು ತಿಂಗಳಿಗೂ ಒಪ್ಪುತ್ತಾರೆ. ನಾಯಿ ಇದ್ದರೆ ಒಂದೆರಡು ತಿಂಗಳದ್ದು ಹೆಚ್ಚಿಗೆ ಕೇಳಬಹುದು. ಬಾಡಿಗೆ ಏರಿಸುವುದಕ್ಕಿಂತ ಅಡ್ವಾನ್ಸ್ ಏರಿಸುವುದು ನಿಮಗೆ ವಾಸಿ, ಅದು ವಾಪಸ್ ಬರುವ ದುಡ್ಡು. ಬರಬೇಕಾದರೆ ಬರವಣಿಗೆ ಇರಬೇಕು.

ಟೋಕನ್ ಕಳಿಸುವ ಮೊದಲು ವಾಟ್ಸಾಪ್‌ನಲ್ಲಿ 'ರಾಟ್‌ವೈಲರ್ ತಳಿಯ ನಮ್ಮ ನಾಯಿಯನ್ನು ಇಟ್ಟುಕೊಳ್ಳಲು ನೀವು ಒಪ್ಪಿದ್ದೀರಿ' ಎಂದು ಬರೆದು, ಓನರ್‌ರಿಂದ 'ಹೌದು' ಎಂಬ ಉತ್ತರ ತರಿಸಿಕೊಳ್ಳಿ. ಬ್ರೋಕರ್‌ನದ್ದು, ಓನರ್ ಭಾವಮೈದುನನದ್ದು ಲೆಕ್ಕಕ್ಕಿಲ್ಲ.

ಹನ್ನೊಂದು ತಿಂಗಳ ಅಗ್ರಿಮೆಂಟಿನ ಸಿದ್ಧ ನಮೂನೆಯಲ್ಲಿ 'ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳತಕ್ಕದ್ದಲ್ಲ' ಎಂಬ ಸಾಲು ಎಲ್ಲೋ ಕೆಳಗೆ ಅಡಗಿರುತ್ತದೆ. ಟೈಪಿಂಗ್ ಅಂಗಡಿಯವರು ಹಳೇ ಫೈಲಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ಕೊಟ್ಟಿರುತ್ತಾರೆ, ಓನರ್‌ಗೂ ಅದು ಗೊತ್ತಿರುವುದಿಲ್ಲ. ಹುಡುಕಿ ತೆಗೆಸಿ. ಅದರ ಜಾಗಕ್ಕೆ ಇಂಥದ್ದು ಬರಲಿ:

'ಬಾಡಿಗೆದಾರರು ರಾಟ್‌ವೈಲರ್ ತಳಿಯ ಒಂದು ಸಾಕುನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಬಾಡಿಗೆದಾರರು ನಾಯಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸತಕ್ಕದ್ದು ಮತ್ತು ಮನೆಯ ಹೊರಗೆ ಬೆಲ್ಟಿನಲ್ಲಿಯೇ ಹಿಡಿದಿರತಕ್ಕದ್ದು. ನಾಯಿಯಿಂದ ಆದ ಹಾನಿಯ ದುರಸ್ತಿ ವೆಚ್ಚವನ್ನು ಬಿಲ್ಲಿನ ಆಧಾರದ ಮೇಲೆ ಮಾತ್ರ ಮುಂಗಡದಿಂದ ಮುರಿದುಕೊಳ್ಳತಕ್ಕದ್ದು. ನಾಯಿಯ ಬಗ್ಗೆ ದೂರು ಬಂದಲ್ಲಿ ಸರಿಪಡಿಸಿಕೊಳ್ಳಲು ಲಿಖಿತವಾಗಿ ತಿಳಿಸಿ 30 ದಿನ ಕಾಲಾವಕಾಶ ನೀಡತಕ್ಕದ್ದು.'

ಕೊನೆಯ ವಾಕ್ಯಕ್ಕೆ ಕೆಲವು ಓನರ್‌ಗಳು ಮುಖ ಸಿಂಡರಿಸುತ್ತಾರೆ. 15 ದಿನಕ್ಕಾದರೂ ಒಪ್ಪಿಸಿ, ಪೂರ್ತಿ ಬಿಡಬೇಡಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿಯುವುದು ಇಲ್ಲಿ ಮಾಮೂಲು. 'ನಾಯಿ ಪೇಂಟಿಂಗ್' ಎಂದು ಅದರ ಮೇಲೆ ಇನ್ನೊಂದು ಸೇರದಂತೆ ಅದನ್ನೂ ಬರೆಸಿ. ಒಳಹೋಗುವ ದಿನವೇ ಪ್ರತಿ ಬಾಗಿಲಿನ ಕೆಳಭಾಗ, ಗೋಡೆಯ ಮೂಲೆ, ಸೊಳ್ಳೆ ಜಾಲರಿಯ ವಿಡಿಯೋ ಮಾಡಿ ಓನರ್‌ಗೆ ಕಳಿಸಿ. ನಾಯಿಯ ಉಗುರಿನ ಗೀರು ಬೀಳುವುದು ಅಲ್ಲೇ, ಹಿಂದಿನವರ ಗೀರಿಗೂ ನಿಮ್ಮ ನಾಯಿಯ ಹೆಸರೇ ಹೇಳುತ್ತಾರೆ.

8. ಸ್ಥಳಾಂತರ ಮತ್ತು ಮೊದಲ ತಿಂಗಳು

ಮನೆ ಖಾತ್ರಿಯಾಗುವವರೆಗೆ ನಾಯಿಯನ್ನು ಊರಲ್ಲೇ ಬಿಡಿ. ಪಿಜಿಯಲ್ಲೋ ಸ್ನೇಹಿತರ ರೂಮಿನಲ್ಲೋ ಇಟ್ಟುಕೊಂಡು ಹುಡುಕಲು ಹೊರಟರೆ ಸಿಕ್ಕಿದ ಮೊದಲ ಮನೆಗೆ ಸಹಿ ಹಾಕುತ್ತೀರಿ. ರೈಲಿನಲ್ಲಿ ಜೊತೆಗೇ ಕರೆದುಕೊಂಡು ಬರಬೇಕಾದರೆ ಎಸಿ ಫಸ್ಟ್ ಕ್ಲಾಸ್‌ನ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿರಬೇಕು, ನಾಯಿಗೆ ಪಾರ್ಸೆಲ್ ಕಚೇರಿಯಲ್ಲಿ ಪ್ರತ್ಯೇಕ ಬುಕಿಂಗ್. ದೊಡ್ಡ ನಾಯಿಗೆ ಸ್ವಂತ ಕಾರೇ ಸಲೀಸು. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಕೊಡಬೇಡಿ.

ಸಾಮಾನು ಜೋಡಿಸಿದ ಮೇಲೆ ನಾಯಿ ಬರಲಿ. ಮೊದಲ ವಾರವಾದರೂ ಯಾರಾದರೊಬ್ಬರು ಮನೆಯಲ್ಲಿರುವ ಹಾಗೆ ರಜೆ ಹೊಂದಿಸಿ. ಹೊಸ ಮನೆಯಲ್ಲಿ ಒಂಟಿಯಾಗಿ ಬಿಟ್ಟ ನಾಯಿ ಬೊಗಳುತ್ತದೆ, ಮೊದಲ ದೂರು ಬರುವುದೇ ಆಗ. ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಪರಿಚಯ ಮಾಡಿಕೊಂಡು ನಿಮ್ಮ ನಂಬರ್ ಕೊಡಿ: 'ಏನೇ ತೊಂದರೆ ಆದ್ರೂ ಮೊದಲು ನನಗೆ ಫೋನ್ ಮಾಡಿ.' ಓನರ್‌ಗೆ ಹೋಗುವ ದೂರುಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ. ಗೇಟಿಗೆ ಒಳಗಿನಿಂದ ಎರಡನೇ ಚಿಲಕ ಹಾಕಿಸಿ, ಡೆಲಿವರಿ ಹುಡುಗರಿಗೆ ಕಾಣುವ ಹಾಗೆ 'ನಾಯಿ ಇದೆ, ಬೆಲ್ ಮಾಡಿ ಹೊರಗೇ ನಿಲ್ಲಿ' ಎಂಬ ಬೋರ್ಡು ಇರಲಿ. ಬಾಲ್ಕನಿ ತೊಳೆದ ನೀರು ಕೆಳಮನೆಯವರ ಒಣಗಿದ ಬಟ್ಟೆಯ ಮೇಲೆ ಸುರಿಯದಂತೆ ನೋಡಿಕೊಳ್ಳಿ. ಹತ್ತಿರದ ಪಶುವೈದ್ಯರ ನಂಬರಿನ ಜೊತೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಯ ದಾರಿಯೂ ತಿಳಿದಿರಲಿ.

ಕರ್ನಾಟಕದ ಆಚೆ ಹೋಗುವವರಿಗೆ

ಮೇಲಿನ ಕಾನೂನಿನ ಮಾತು ಎಲ್ಲ ಊರಿಗೂ ಒಂದೇ ಅಲ್ಲ. ಘಾಜಿಯಾಬಾದ್ ಪಾಲಿಕೆ 2022ರ ಅಕ್ಟೋಬರ್‌ನಲ್ಲಿ ಪಿಟ್‌ಬುಲ್, ರಾಟ್‌ವೈಲರ್, ಡೋಗೊ ಅರ್ಜೆಂಟೀನೊ ಮೂರನ್ನೂ ನಿಷೇಧಿಸಿತು. ಹೋಗುವ ನಗರದ ಪಾಲಿಕೆಯ ಈಗಿನ ನಿಯಮ ನೋಡಿಕೊಂಡೇ ವರ್ಗಾವಣೆಗೆ ಒಪ್ಪಿ. ಬ್ರಿಟನ್ನಿನ ನಿಷೇಧದ ಪಟ್ಟಿಯಲ್ಲಿ ರಾಟ್‌ವೈಲರ್ ಇಲ್ಲ, ಪಿಟ್‌ಬುಲ್ ಇದೆ. ಎಕ್ಸ್‌ಎಲ್ ಬುಲ್ಲಿ ತಳಿಯನ್ನು ವಿನಾಯಿತಿ ಪತ್ರವಿಲ್ಲದೆ ಸಾಕುವುದು 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಅಪರಾಧ. ಐರ್ಲೆಂಡಿನಲ್ಲಿ ರಾಟ್‌ವೈಲರ್, ಡಾಬರ್‌ಮನ್, ಜರ್ಮನ್ ಶೆಫರ್ಡ್ ಮೂರೂ ನಿರ್ಬಂಧಿತ: ಸಾರ್ವಜನಿಕ ಸ್ಥಳದಲ್ಲಿ ಮೂತಿಕುಕ್ಕೆ, ಎರಡು ಮೀಟರ್ ಮೀರದ ಗಟ್ಟಿ ಬೆಲ್ಟು, ಹಿಡಿದವರಿಗೆ 16 ದಾಟಿರಬೇಕು. ಸಿಂಗಪುರದ ಸರ್ಕಾರಿ ಎಚ್‌ಡಿಬಿ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ಒಪ್ಪಿತ ಸಣ್ಣ ತಳಿಯ ಒಂದೇ ನಾಯಿ. ಭಾರತದಿಂದ ಯುರೋಪಿಗೆ ಹೋಗುವ ನಾಯಿಗೆ ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ ಬೇಕು. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು, ಅಲ್ಲಿಂದ ಮೂರು ತಿಂಗಳು ಕಾದ ಮೇಲಷ್ಟೇ ಪ್ರಯಾಣ. ಕಂಪನಿಯವರು ಮುಂದಿನ ತಿಂಗಳೇ ಸೇರಿ ಎನ್ನುತ್ತಿದ್ದರೆ ಆಮೇಲೆ ಬಂದು ನಾಯಿಯನ್ನು ಕರೆದೊಯ್ಯುವ ಎರಡನೇ ಟಿಕೆಟ್ಟಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ.